ಸೂಗವ್ವನಿಗೆ ಎರಡನೆಯ ಬಾಯಿ

ಇಸವಿ ಎರಡು ಸಾವಿರದ ಇನ್ನೂರ ಹದಿನೇಳು, ಫೆಬ್ರವರಿ ಮೂವತ್ತು
ಮೂರನೆಯ ಅಂತರ, ಗಾಳಿಬಾಯಿಯ ಬಳಿ

ಇಪ್ಪತ್ತೊಂದನೆಯ ಶತಮಾನದ ಮೊದಲ ಭಾಗದಲ್ಲಿ ಬದುಕಿರುವ ಹಿರಿಯರಿಗೆ ಅಮರಮ್ಮನ ನಮಸ್ಕಾರಗಳು.

ಮೇಲಿನ ದಿನಾಂಕವನ್ನು ಕಂಡು ಕೈತಪ್ಪೆಂದು ತಿಳಿಯಬೇಡಿ. ನಮ್ಮಲ್ಲಿ ಎಲ್ಲ ತಿಂಗಳುಗಳಿಗೂ ಮೂವತ್ತೇ ದಿನ. ಉಳಿಯುವ ದಿನಗಳು ಬೇಸಿಗೆಯ ನಡುವೆ ಹೆಸರಿಲ್ಲದೆ ಬಂದು ಹೋಗುತ್ತವೆ. ಆಗ ಯಾರೂ ಏನನ್ನೂ ಮಾಡುವುದಿಲ್ಲ, ಒದ್ದೆ ಬಟ್ಟೆ ಹೊದ್ದು ಮಲಗಿರುತ್ತಾರೆ. ಕ್ಷಮೆ ಕೇಳಬೇಕಾದದ್ದು ಭಾಷೆಯ ವಿಷಯದಲ್ಲಿ. ಬಹುಕಾಲ ಮಕ್ಕಳಿಗೆ ಕನ್ನಡ ಪಾಠ ಹೇಳಿದವಳಾದ್ದರಿಂದ ನಿಮ್ಮ ಕಾಲದ ಪುಸ್ತಕಗಳನ್ನು ಓದಿ ನಿಮ್ಮ ಬರವಣಿಗೆಯ ರೀತಿಯನ್ನು ರೂಢಿಸಿಕೊಂಡಿದ್ದೇನೆ. ಆದರೂ ನಮ್ಮ ಬದುಕಿನ ಕೆಲವು ಸಂಗತಿಗಳಿಗೆ ನಿಮ್ಮಲ್ಲಿ ಪದವಿಲ್ಲ. ಅಂಥ ಕಡೆ ನಮ್ಮ ಪದವನ್ನೇ ಇಟ್ಟು ಅರ್ಥವನ್ನು ಅಲ್ಲಿಯೇ ಹೇಳುತ್ತೇನೆ. ಪತ್ರವೊಂದು ಹಿಂದಕ್ಕೆ ಸಾಗಿ ನಿಮ್ಮನ್ನು ಹೇಗೆ ತಲುಪುತ್ತದೆಂಬುದನ್ನು ವಿವರಿಸುವುದು ನನ್ನಿಂದಾಗದು. ತಲುಪುತ್ತದೆ ಎಂದು ತಿಳಿದವರು ಹೇಳಿದರು, ನಂಬಿದ್ದೇನೆ.

ನನಗೀಗ ಎಪ್ಪತ್ತಾರು. ರಾಯಚೂರು ಸೀಮೆಯ ಹಳೆಯ ಚಿನ್ನದ ಗಣಿಯೊಂದರೊಳಗೆ ನಮ್ಮ ಊರಿದೆ. ನಿಮ್ಮವರು ಅದಿರು ತೆಗೆದು ಬರಿದಾಗಿಸಿ ಬಿಟ್ಟುಹೋದ ಸುರಂಗಗಳೇ ನಮ್ಮ ಓಣಿಗಳು; ಒಂದರ ಕೆಳಗೊಂದಿರುವ ಅವುಗಳ ಹಂತಗಳನ್ನು ಅಂತರಗಳೆನ್ನುತ್ತೇವೆ. ಶಿವರಾತ್ರಿ ಹತ್ತಿರವಾಗುತ್ತಲೇ ಇಳಿಗಾಲ ಮೊದಲಾಗುತ್ತದೆ, ಎಂದರೆ ಊರೆಲ್ಲ ಕೆಳಗಿಳಿಯುತ್ತದೆ. ಮೇಲೆ ನೆಲ ಕಾದು ಬರಿಗಾಲಿನ ಚರ್ಮ ಕಿತ್ತುಬರುತ್ತದೆ. ಹಗಲಿನಲ್ಲಿ ಉಸಿರೆಳೆದುಕೊಂಡರೆ ಎದೆಗೂಡು ಸುಡುತ್ತದೆ. ದಸರೆ ಕಳೆದ ಮೇಲೆ ಮೇಲೇರಿ, ಸಿಕ್ಕ ಕೆಲವು ತಿಂಗಳಲ್ಲಿ ಜೋಳ, ಶೇಂಗಾ ಬೆಳೆದು, ಕೊಯ್ದು, ಚೀಲ ಕಟ್ಟಿಕೊಂಡು ಮತ್ತೆ ಇಳಿಯುತ್ತಾರೆ. ಇಳಿಯುವುದಕ್ಕೂ ಏರುವುದಕ್ಕೂ ಇರುವುದು ಒಂದೇ ಕಬ್ಬಿಣದ ಪಂಜರ. ಅದನ್ನು ತೊಟ್ಟಿಲೆಂದು ಕರೆಯುವುದು ರೂಢಿಯಾಗಿದೆ. ಯಾರು ಮೊದಲು ಹಾಗೆ ಕರೆದರೋ, ಅವರಿಗೆ ಹಾಸ್ಯದ ಪ್ರಜ್ಞೆಯಿತ್ತು. ಎಪ್ಪತ್ತು ದಾಟಿದವರನ್ನು ತೊಟ್ಟಿಲಿಗೆ ಹತ್ತಿಸುವುದಿಲ್ಲ. ಅವರ ಜಾಗದಲ್ಲಿ ಒಂದು ಬೀಜದ ಚೀಲ ಹೋಗಬಹುದು. ಇದು ಕ್ರೌರ್ಯವೆಂದು ನಿಮಗೆ ತೋರಬಹುದು. ಲೆಕ್ಕ ಹಾಕಿ ನೋಡಿದ್ದೇನೆ, ಲೆಕ್ಕ ಸರಿಯಾಗಿಯೇ ಇದೆ. ಹೀಗಾಗಿ ನಾನು ಆಕಾಶವನ್ನು ಕಂಡು ಆರು ವರ್ಷವಾಯಿತು.

ನಮ್ಮಂಥವರನ್ನು ಗಾಳಿಬಾಯಿಯ ಬಳಿ ಇರಿಸುತ್ತಾರೆ. ಮೇಲಿನಿಂದ ಗಾಳಿ ಇಳಿದುಬರುವ ಕೊಳವೆಯ ತುದಿ ಅದು. ಮುದುಕರ ಎದೆಗೆ ಹೆಚ್ಚು ಗಾಳಿ ಬೇಕೆಂಬುದು ಒಂದು ಕಾರಣ. ಮೇಲಿನ ಧೂಳು ಮೊದಲು ಬೀಳುವುದು ಅಲ್ಲಿಯೇ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮುಪ್ಪು ಇಲ್ಲಿ ಮೊದಲು ಕಣ್ಣಿಗೆ ಬರುತ್ತದೆ, ಅನಂತರ ಮಂಡಿಗೆ, ಕಡೆಯಲ್ಲಿ ನೆನಪಿಗೆ. ಬೆಳಿಗ್ಗೆ ಗಂಟೆ ಬಾರಿಸಿದಾಗ ನಾನು ಎದ್ದು ನನ್ನ ಹೆಸರು, ತಂದೆಯ ಹೆಸರು, ನನ್ನ ಶಾಲೆಯ ಕೋಣೆಯಲ್ಲಿ ಕಿಟಕಿ ಯಾವ ದಿಕ್ಕಿಗಿತ್ತು ಎಂಬುದನ್ನು ಒಪ್ಪಿಸಿಕೊಳ್ಳುತ್ತೇನೆ. ಕಳೆದ ಮಳೆಗಾಲದಲ್ಲಿ ಒಂದು ದಿನ ಕಿಟಕಿ ಸಿಗಲಿಲ್ಲ. ಮಧ್ಯಾಹ್ನದವರೆಗೂ ಹುಡುಕಿದೆ. ಸಿಕ್ಕಿತು. ಆದರೆ ಆ ದಿನದಿಂದ ನನಗೆ ಅವಸರ ಹುಟ್ಟಿತು. ಆ ಅವಸರವೇ ಈ ಪತ್ರಕ್ಕೆ ಮೂಲ.

ಇದನ್ನು ತಿಳಿಯಬೇಕಾದರೆ ನಮ್ಮ ಕಾನೂನೊಂದನ್ನು ನೀವು ತಿಳಿಯಬೇಕು, ಮತ್ತು ಅದಕ್ಕೆ ಕಾರಣರಾದವರು ನೀವೇ. ನಿಮ್ಮ ಕಾಲದಲ್ಲಿ ಯಂತ್ರಗಳು ಇಲ್ಲದ ಚಿತ್ರವನ್ನು ಬಿಡಿಸಿ, ಆಡದ ಮಾತನ್ನು ಆಡಿಸಲು ಕಲಿತವು. ಅದು ನಿಮಗೆ ಮೋಜಾಗಿತ್ತೆಂದು ಓದಿದ್ದೇನೆ. ನಾನು ಹುಡುಗಿಯಾಗಿದ್ದಾಗ ನಮ್ಮ ಮುತ್ತಜ್ಜಿಯ ಚಲಿಸುವ ಚಿತ್ರಗಳು ಮೂರು ಮನೆಗಳಲ್ಲಿದ್ದವು. ಅದೇ ಮುಖ, ಅದೇ ಮೂಗುತಿ, ಅದೇ ನಡುಗುವ ದನಿ. ಒಂದರಲ್ಲಿ ಆಕೆ ಹೊಲ ಹಿರಿಯ ಮಗನಿಗೆಂದು ಹರಸುತ್ತಿದ್ದಳು, ಇನ್ನೊಂದರಲ್ಲಿ ಕಿರಿಯನಿಗೆ, ಮೂರನೆಯದರಲ್ಲಿ ಇಬ್ಬರನ್ನೂ ಶಪಿಸುತ್ತಿದ್ದಳು. ನಿಜವಾದ ಮುತ್ತಜ್ಜಿ ಏನು ಹೇಳಿದ್ದಳೋ, ಏನೂ ಹೇಳದೆ ಸತ್ತಳೋ, ಯಾರಿಗೂ ತಿಳಿಯದು. ಒಂದು ಮನೆಯಲ್ಲಿ ನಡೆದದ್ದು ಊರುಗಳಲ್ಲಿ ನಡೆಯಿತು, ಆಮೇಲೆ ರಾಜ್ಯಗಳಲ್ಲಿ. ಆಗದ ಹತ್ಯೆಗಳಿಗೆ ಸೇಡು ತೀರಿಸಿಕೊಂಡವರೆಷ್ಟೋ. ಆದ ಹತ್ಯೆಗಳನ್ನು ಕಟ್ಟುಕಥೆಯೆಂದು ನಕ್ಕವರೆಷ್ಟೋ. ನೀವು ಬಿಟ್ಟುಹೋದ ಚಿತ್ರಗಳ ರಾಶಿ ಈಗಲೂ ಮೊದಲ ಅಂತರದ ಕೋಣೆಗಳಲ್ಲಿದೆ. ಅದನ್ನು ಯಾರೂ ನೋಡುವುದಿಲ್ಲ. ನಂಬಲಾಗದ್ದನ್ನು ನೋಡಿ ಮಾಡುವುದೇನು?

ಅದಕ್ಕಾಗಿ ನಮ್ಮ ಹಿರಿಯರು ಚಿತ್ರವನ್ನೂ ಧ್ವನಿಯನ್ನೂ ಬಿಟ್ಟು ಬದುಕಿರುವ ಬಾಯಿಯನ್ನು ಹಿಡಿದರು. ಒಂದು ನೆನಪನ್ನು ಬೇರೆ ಬೇರೆ ಒಲೆಯ ಇಬ್ಬರು, ಕಣ್ಣಾರೆ ಕಂಡವರು, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಂತೆ ಸಾಕ್ಷಿಕಟ್ಟೆಯಲ್ಲಿ ಹೇಳಿದರೆ ಅದು ಜೋಡಿಮಾತು. ಜೋಡಿಮಾತನ್ನು ಮಕ್ಕಳಿಗೆ ಹೇಳಬಹುದು, ಶಾಲೆಯಲ್ಲಿ ಕಲಿಸಬಹುದು, ಸತ್ತವರ ಹೆಸರನ್ನು ಹುಟ್ಟಿದವರಿಗೆ ಇಡಬಹುದು. ಒಬ್ಬರೇ ಹೇಳುವುದು ಒಂಟಿಮಾತು. ಒಂಟಿಮಾತನ್ನು ಮಕ್ಕಳ ಕಿವಿಗೆ ಹಾಕುವಂತಿಲ್ಲ. ಕಟ್ಟೆಗೆ ತಂದು ಸೋತದ್ದನ್ನಂತೂ ಯಾರ ಕಿವಿಗೂ ಹಾಕುವಂತಿಲ್ಲ, ಎರಡನೆಯ ಸಲ ಕಟ್ಟೆಗೆ ತರುವಂತಿಲ್ಲ. ಮೀರಿದರೆ ಆ ಒಲೆಯವರೆಲ್ಲರ ನೀರು ಅರ್ಧಕ್ಕಿಳಿಯುತ್ತದೆ. ಇಳಿಗಾಲದಲ್ಲಿ ಅರ್ಧ ನೀರೆಂದರೆ ಏನೆಂದು ನಿಮಗೆ ವಿವರಿಸುವುದು ಬೇಡ. ಈ ಕಾನೂನನ್ನು ನಾನೇ ಮಕ್ಕಳಿಗೆ ಕಲಿಸಿದ್ದೇನೆ, ನಂಬಿಯೇ ಕಲಿಸಿದ್ದೇನೆ.

ನನಗೆ ಒಬ್ಬ ಮಗಳಿದ್ದಳು. ಹೆಸರು ಸೂಗವ್ವ. ನಮ್ಮ ಊರು ಮೊಟ್ಟಮೊದಲ ಸಲ ಕೆಳಗಿಳಿದ ವರ್ಷ, ಗಣಿಯ ಬಾಯಿಯ ಮುಂದೆ ತೊಟ್ಟಿಲಿಗಾಗಿ ಕಾಯುತ್ತಿದ್ದ ಸಾಲಿನಲ್ಲಿ, ಬಿಸಿಲ ಝಳಕ್ಕೆ ಸತ್ತಳು. ಆಗ ಅವಳಿಗೆ ಒಂಬತ್ತು ವರ್ಷ. ನಾನು ಸಾಲಿನ ತಲೆಯಲ್ಲಿ ನಿಂತು ಶಾಲೆಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಪಂಜರದೊಳಗೆ ಕಳುಹಿಸುತ್ತಿದ್ದೆ. ನನ್ನ ಮಗಳನ್ನು ಮೊದಲು ಕಳುಹಿಸಿದರೆ ಉಳಿದವರ ತಂದೆತಾಯಿಗಳು ಆಡಿಕೊಳ್ಳುತ್ತಾರೆಂದು ಅವಳನ್ನು ಹಿಂದೆ ನಿಲ್ಲಿಸಿದ್ದೆ.

ಅವಳ ನೆನಪನ್ನು ನಾವು ಕಟ್ಟೆಗೆ ತರಲಿಲ್ಲ. ಒಂದೇ ಒಲೆಯಲ್ಲಿ ಉಂಡವರು ಎಷ್ಟು ಮಂದಿಯಿದ್ದರೂ ಒಂದೇ ಬಾಯಿಯೆಂದು ಎಣಿಸುತ್ತಾರೆ. ನಾನೂ ನಮ್ಮ ಯಜಮಾನರೂ ಸೇರಿ ಒಂದು ಬಾಯಿ. ಎರಡನೆಯ ಬಾಯಿಗೇನು ಕೊರತೆ, ಸಾಲಿನಲ್ಲಿ ಇಡೀ ಊರೇ ನಿಂತಿತ್ತಲ್ಲ ಎಂದುಕೊಂಡೆವು. ಮುಂದಿನ ವರ್ಷ, ಅದರ ಮುಂದಿನ ವರ್ಷ ಎಂದು ತಳ್ಳಿದೆವು. ಆ ಮಾತನ್ನೆತ್ತುವ ಗಟ್ಟಿತನ ಇಬ್ಬರಿಗೂ ಇರಲಿಲ್ಲ. ಅಷ್ಟರಲ್ಲಿ ಧೂಳುಕೆಮ್ಮಿನ ವರ್ಷಗಳು ಬಂದವು. ಸಾಲಿನಲ್ಲಿ ನಿಂತಿದ್ದ ಮಕ್ಕಳಲ್ಲಿ ಹೆಚ್ಚಿನವರು ಹೋದರು, ಅವರ ಹಿರಿಯರೂ ಹೋದರು, ನಮ್ಮ ಯಜಮಾನರೂ ಹೋದರು. ಉಳಿದವರು ಬೇರೆ ಗಣಿಗಳಿಗೆ ಚದುರಿದರು. ಆ ದಾರಿಗಳು ಕುಸಿದು ಮುಚ್ಚಿವೆ. ಸೂಗವ್ವ ಸತ್ತ ಮೇಲೆ ಹುಟ್ಟಿದ ಮಗ ಶರಣಪ್ಪ ದೊಡ್ಡವನಾದ ಮೇಲೆ ಅಕ್ಕನ ವಿಷಯ ತಿಳಿದವನು, ಕಂಡವನಲ್ಲ. ಸೂಗವ್ವನನ್ನು ಕಂಡವರು ಈ ಗಣಿಯಲ್ಲಿ ನನ್ನ ಹೊರತು ಒಬ್ಬಳೇ ಉಳಿದಳು. ಅದೇ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಹುಲಿಗೆವ್ವ.

ಶರಣಪ್ಪನ ಮಗಳು ಪಾರ್ವತಿಗೆ ಈಗ ಒಂಬತ್ತು. ಅವಳು ಊಟದ ಡಬ್ಬಿ ಹಿಡಿದು ಗಾಳಿಬಾಯಿಯ ಕಡೆ ತಿರುಗಿ ಬರುವಾಗ ನಾನು ಅವಳ ಮುಖವನ್ನೇ ನೋಡುತ್ತ ಕೂರುತ್ತೇನೆ. ಒಂದು ದಿನ ಡಬ್ಬಿ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು:

“ಆಯಿ, ಯಾಕ ಹಂಗ ನೋಡ್ತಿ? ನನ್ನ ಮೂಗಿಗೆ ಮಸಿ ಹತ್ತೈತೇನು?”

ಏನಿಲ್ಲವೆಂದೆ.

“ಸುಳ್ಳು. ಯಾರ ಗತೆ ಕಾಣ್ತೀನಿ ಹೇಳು ಮತ್ತ!”

ಹೇಳುವಂತಿರಲಿಲ್ಲ. ರೊಟ್ಟಿ ತಣ್ಣಗಾಗುತ್ತದೆ ಎಂದೆ. ಅವಳು ಹೋದ ಮೇಲೆ ಪಕ್ಕದ ಚಾಪೆಯಲ್ಲಿ ಮಲಗಿದ್ದ ಹುಲಿಗೆವ್ವನನ್ನು ಎಬ್ಬಿಸಿ, ಸೂಗಿಯ ಮಾತನ್ನು ಕಟ್ಟೆಗೆ ಒಯ್ಯೋಣವೆಂದು ಕೇಳಿದೆ. ನನ್ನಲ್ಲಿ ಕಿಟಕಿಗಳು ತಪ್ಪತೊಡಗಿದ್ದರೆ, ಹುಲಿಗೆವ್ವನಲ್ಲಿ ಆಗಲೇ ಗೋಡೆಗಳೇ ಬೀಳತೊಡಗಿದ್ದವು. ತನ್ನ ಮಕ್ಕಳ ಹೆಸರುಗಳನ್ನು ಅದಲುಬದಲು ಮಾಡುತ್ತಿದ್ದಳು. ಉಂಡ ಮೇಲೆ ಉಣ್ಣಲಿಲ್ಲವೆಂದು ಜಗಳ ತೆಗೆಯುತ್ತಿದ್ದಳು. ಆದರೆ ಸೂಗಿ ಎಂದೊಡನೆ ಕಣ್ಣರಳಿಸಿ, “ಅಯ್ಯ ಆ ಕೋತಿ!” ಎಂದಳು. ನನಗೆ ಅಷ್ಟೇ ಸಾಕಾಯಿತು.

ಅಲ್ಲಿಯೇ ನಿಂತಿದ್ದರೆ ಸರಿಯಾಗುತ್ತಿತ್ತು. ಆದರೆ ಕಟ್ಟೆಯ ಮುಂದೆ ಅವಳು ತಡವರಿಸಿದರೆ? ದಿನಾಂಕವನ್ನು ತಪ್ಪಿದರೆ? ಸೂಗವ್ವನ ಜಾಗದಲ್ಲಿ ಬೇರೆ ಯಾವುದೋ ಮಗುವನ್ನು ತಂದಿಟ್ಟರೆ? ಹೀಗೆ ಯೋಚಿಸಿ ಪ್ರತಿದಿನ ಊಟದ ಅನಂತರ ಅವಳೊಡನೆ ಕುಳಿತು ಆ ದಿನವನ್ನು ಮೊದಲಿನಿಂದ ಹೇಳತೊಡಗಿದೆ. ಅವಳು ತಿರುಗಿ ಹೇಳಬೇಕು. ತಪ್ಪಿದ ಕಡೆ ನಾನು ತಿದ್ದಬೇಕು. ಜೀವಮಾನವೆಲ್ಲ ಮಾಡಿದ ಕೆಲಸ ಅದೇ. ಬೇರೊಂದು ರೀತಿ ನನಗೆ ಹೊಳೆಯಲಿಲ್ಲ.

“ಹಳದಿ ಲಂಗ ಹಾಕ್ಕೊಂಡಿದ್ಲು,” ಎನ್ನುತ್ತಿದ್ದಳು ಹುಲಿಗೆವ್ವ.

ಹಸಿರೆಂದು ನಾನು ತಿದ್ದುತ್ತಿದ್ದೆ.

“ಕಣ್ಣು ನಂದೋ ನಿಂದೋ ಅಮರಕ್ಕ? ಹಳದಿ ಅಂದ್ರ ಹಳದಿ.”

ಹೊಲಿದವಳು ನಾನು, ಹಸಿರು ಎಂದೆ.

“ಆತ್ ಬಿಡವ್ವ, ಹಸರು. ನೀ ಎಂದ ಸೋತಿ!” ಎಂದು ಕೈಮುಗಿಯುತ್ತಿದ್ದಳು. ಒಮ್ಮೊಮ್ಮೆ ಸಿಟ್ಟು ಬರುತ್ತಿತ್ತು. “ನಿನ್ನ ಪಾಠ ಒಪ್ಪಿಸ್ಲಿಕ್ಕೆ ನಾ ಏನು ಮೂರನೇ ಇಯತ್ತೆ ಹುಡುಗಿ ಏನಬೇ? ನಿನ್ನ ವ್ಯಾಕರಣಕ್ಕ ನನ್ನ ಬಾಯಾಗಿನ ಹಲ್ಲು ಸಾಲವಲ್ಲವು.” ಆದರೂ ಮರುದಿನ ಕುಳಿತುಕೊಳ್ಳುತ್ತಿದ್ದಳು. ಏಕೆ ಕುಳಿತುಕೊಳ್ಳುತ್ತಿದ್ದಳೆಂದು ನಾನು ಆಗ ಕೇಳಿಕೊಳ್ಳಲಿಲ್ಲ. ದಸರೆಗೆ ಮೊದಲೇ ಒಂದೂ ಕಡೆ ತಡವರಿಸದೆ ಹೇಳುವಷ್ಟು ತಯಾರಾದಳು: ಸೂಗವ್ವ ಹಸಿರು ಲಂಗ ತೊಟ್ಟು, ನೀರಿಗಾಗಿ ಹಟ ಮಾಡದೆ, ಸಾಲಿನ ಹಿಂಬದಿಯಲ್ಲಿ ತಾಳ್ಮೆಯಿಂದ ನಿಂತಿದ್ದಳು, ಸೂರ್ಯ ನೆತ್ತಿಗೇರುವ ವೇಳೆಗೆ ಸದ್ದಿಲ್ಲದೆ ಕುಸಿದಳು. ನನಗೆ ಬಹಳ ಸಮಾಧಾನವಾಯಿತು.

ಸಾಕ್ಷಿಕಟ್ಟೆ ಎರಡನೆಯ ಅಂತರದಲ್ಲಿದೆ, ಒಳಗಿನ ಮೆಟ್ಟಿಲು ಹತ್ತಿ ಹೋಗಬೇಕು. ಹಿಂದೆ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ ಕಲ್ಲಿನ ಜಗಲಿ ಅದು. ಕಟ್ಟೆಯ ಹಿರಿಯ ದೊಡ್ಡಬಸವ, ನಮ್ಮಿಬ್ಬರ ಶಿಷ್ಯ. ನನ್ನ ಮಾತನ್ನು ಮೊದಲು ಕೇಳಿದ; ನನ್ನನ್ನು ಆಚೆ ಕಳುಹಿಸಿ ಹುಲಿಗೆವ್ವನ ಮಾತನ್ನು ಕೇಳಿದ. ಆಮೇಲೆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ನೆಲ ನೋಡುತ್ತ ಹೇಳಿದ:

“ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಇಬ್ಬರ ಮಾತೂ ಒಂದ ಅಚ್ಚಿನ್ಯಾಗ ಹೊಯ್ದಂಗ ಐತ್ರಿ. ಲೆಕ್ಕದ ಅಕ್ಕೋರು ‘ತಾಳ್ಮೆಯಿಂದ ನಿಂತಿದ್ದಳು’ ಅಂತ ಹುಟ್ಟಿದಾಗಿಂದ ಒಮ್ಮೆ ಅಂದೋರಲ್ಲ. ನಾ ಅವರ ಕಡೆ ಏಟು ತಿಂದು, ಬೈಸ್ಕೊಂಡು ಬೆಳದೋನು, ನನಗ ಗೊತ್ತಿಲ್ಲೇನ್ರಿ? ಅವರ ಬಾಯಾಗ ನಿಮ್ಮ ದನಿ ಕೇಳ್ತ್ರಿ.”

ಸೂಗವ್ವ ಇದ್ದಳೋ ಇಲ್ಲವೋ ಎಂದು ಕೇಳಿದೆ. ನನ್ನ ದನಿ ಏರಿತ್ತು.

“ಇದ್ಲಂತ ನನ್ನ ಮನಸಿಗೆ ಅನಸ್ತೈತ್ರಿ. ನನ್ನ ಮನಸಿಗೆ ಅನಸಿದ್ದಕ್ಕ ಇಲ್ಲಿ ಕಿಮ್ಮತ್ತಿಲ್ಲ. ಕಿಮ್ಮತ್ತು ಇರಬಾರದು ಅಂತ ಕಲಿಸಿದೋರು ನೀವ,” ಎಂದ. ಅವನ ಕಣ್ಣು ಒದ್ದೆಯಾಗಿತ್ತು. ತೀರ್ಪನ್ನು ಬದಲಿಸಲಿಲ್ಲ. ಬದಲಿಸಿದ್ದರೆ ನಾನೇ ಅವನನ್ನು ಗೌರವಿಸುತ್ತಿರಲಿಲ್ಲ.

ಗಾಳಿಬಾಯಿಗೆ ಮರಳಿ ಬಂದೆವು. ಚಾಪೆಯ ಮೇಲೆ ಕುಳಿತು ಮಂಡಿ ನೀವಿಕೊಳ್ಳುತ್ತಿದ್ದ ಹುಲಿಗೆವ್ವ, ನನ್ನನ್ನು ನೋಡದೆ, ಯಾರೋ ಕೇಳಿದ್ದಕ್ಕೆ ಉತ್ತರ ಹೇಳುವವಳಂತೆ ಆರಂಭಿಸಿದಳು. ಅವಳ ಮಾತನ್ನು ಇದ್ದ ಹಾಗೆಯೇ ಬರೆಯುತ್ತೇನೆ.

“ಅಕಿ ಎಲ್ಲಿ ತಾಳ್ಮಿಲೆ ನಿಂತಿದ್ಲಬೇ? ಸೂಗಿ! ಒಂದು ಕಡಿ ನಿಲ್ಲೋ ಹುಡುಗೇನು ಅದು? ನೀ ಮುಂದ ಸಾಲು ಕಾಯ್ತಿದ್ದಿ. ಅಕಿ ಹಿಂದ, ತಲಿ ಮ್ಯಾಲಿನ ಟವೆಲ್ಲು ಸೆರಗು ಮಾಡ್ಕೊಂಡು, ಕೈಯಾಗ ಒಂದು ಕಡ್ಡಿ ಹಿಡ್ಕೊಂಡು, ನಿನ್ನ ಗತೆ ಮಾಡಿ ತೋರಸ್ತಿದ್ಲು. ‘ಹಾಗಲ್ಲ! ಸ್ಪಷ್ಟವಾಗಿ ಹೇಳು! ಇನ್ನೊಮ್ಮೆ!’ ಅಂತ, ಮೂಗು ಮ್ಯಾಲ ಮಾಡಿ. ಹುಡುಗ್ರು ಹೊಟ್ಟಿ ಹಿಡ್ಕೊಂಡು ನಗ್ತಿದ್ವು. ನಾನೂ ನಕ್ಕೆ. ಅಷ್ಟೊತ್ತಿಗೆ ಬಿದ್ಲು. ಬಿದ್ದದ್ದೂ ಆಟನ ಅಂತ ತಿಳದು ಇನ್ನಷ್ಟು ನಕ್ಕಿವಿ. ಎಷ್ಟೋ ಹೊತ್ತು ನಕ್ಕಿವಿ ಅಮರಕ್ಕ. ನಿನಗ ಹೆಂಗ ಹೇಳ್ಲಿ?” ಆಮೇಲೆ, “ಲಂಗ ಹಳದಿನ ಇತ್ತು,” ಎಂದಳು.

ಇದು ಅವಳದೇ ನೆನಪು. ಕಟ್ಟೆಯ ಮುಂದೆ ಇದೊಂದನ್ನು ಹೇಳಿದ್ದರೆ ದೊಡ್ಡಬಸವ ಒಂದು ಕ್ಷಣವೂ ಅನುಮಾನಿಸುತ್ತಿರಲಿಲ್ಲ. ನನ್ನ ಮಾತಿಗೂ ಅದಕ್ಕೂ ಹೊಂದುತ್ತಿರಲಿಲ್ಲ ನಿಜ, ಆದರೆ ಹೊಂದದ ಎರಡು ಮಾತುಗಳ ನಡುವೆ ಒಂದೇ ಹುಡುಗಿ ನಿಂತಿರುವುದನ್ನು ಗುರುತಿಸುವುದೇ ಅವನ ಕೆಲಸ. ಅಷ್ಟು ದಿನ ಅವಳು ನನ್ನ ಪಾಠವನ್ನು ಒಪ್ಪಿಸಿದ್ದು ಮರೆವಿನಿಂದಲ್ಲ. ನನಗೆ ನೋವಾಗಬಾರದೆಂದು ಆ ನಗೆಯ ಮೇಲೆ ನನ್ನ ವಾಕ್ಯಗಳನ್ನು ಹೊದಿಸಿಕೊಂಡಿದ್ದಳು.

ನನ್ನ ಸ್ಥಿತಿಯನ್ನೂ ಹೇಳಬೇಕು. ತಾಳ್ಮೆಯಿಂದ ನಿಂತ ಮಗಳನ್ನು ಅಷ್ಟು ವರ್ಷ ಎದೆಯಲ್ಲಿಟ್ಟುಕೊಂಡಿದ್ದೆ. ಹಾಗೆ ನಿಂತದ್ದನ್ನು ನಾನು ಕಂಡಿರಲೇ ಇಲ್ಲ. ನನ್ನ ಬೆನ್ನು ಅವಳ ಕಡೆಗಿತ್ತು. ಹಿಂದಿನಿಂದ ನಗೆ ಕೇಳಿಬಂದು, ತಿರುಗದೆಯೇ ‘ಸದ್ದು ಬೇಡ’ ಎಂದು ಗದರಿದ್ದು ಈಗ ನೆನಪಾಗುತ್ತದೆ. ಅಥವಾ ಹುಲಿಗೆವ್ವ ಹೇಳಿದ ಮೇಲೆ ನೆನಪಾದಂತೆ ತೋರುತ್ತದೆ. ಎರಡರಲ್ಲಿ ಯಾವುದೆಂದು ನಿರ್ಣಯಿಸಲಾರೆ. ನಿಮ್ಮ ಯಂತ್ರಗಳ ಮೇಲೆ ನಾವು ಹೊರಿಸಿದ ದೋಷವನ್ನು ಯಂತ್ರವಿಲ್ಲದೆ, ಬರಿಯ ಪ್ರೀತಿಯಿಂದ, ವಾಕ್ಯ ವಾಕ್ಯವಾಗಿ ನಾನು ಮಾಡಿದ್ದೆ. ಮುಪ್ಪಿನಲ್ಲಿ ಮರೆಯುವುದೊಂದೇ ಕಷ್ಟವೆಂದು ತಿಳಿದಿದ್ದೆ. ಚೆನ್ನಾಗಿ ನೆನಪಿಟ್ಟುಕೊಂಡದ್ದು ಸುಳ್ಳಾಗಿರುವುದು ಅದಕ್ಕಿಂತ ಹೆಚ್ಚಿನ ಕಷ್ಟ.

ಆ ಮಾತು ಹುಲಿಗೆವ್ವನ ಬಾಯಿಂದ ಮತ್ತೆ ಬರಲಿಲ್ಲ. ಸೋತ ಮಾತಾದ್ದರಿಂದ ಕೇಳುವ ಹಾಗಿಲ್ಲ. ಆದರೂ ಯಾರೂ ಇಲ್ಲದಾಗ ಒಂದೆರಡು ಸಲ ಕೇಳಿದೆ. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು, ಕೈಕಟ್ಟಿ, ‘ಸೂಗವ್ವ ಹಸಿರು ಲಂಗ ತೊಟ್ಟು’ ಎಂದು ಆರಂಭಿಸುತ್ತಾಳೆ. ಒಂದಕ್ಷರವೂ ತಪ್ಪುವುದಿಲ್ಲ. ತನ್ನ ಮಕ್ಕಳನ್ನು ಈಗ ಗುರುತಿಸುವುದಿಲ್ಲ, ನನ್ನನ್ನೂ ಗುರುತಿಸುವುದಿಲ್ಲ. ಉಳಿದಿರುವುದು ನನ್ನ ಪಾಠ ಮಾತ್ರ. ನಾನು ಕಿವಿ ಮುಚ್ಚಿಕೊಳ್ಳುತ್ತೇನೆ.

ಪಾರ್ವತಿ ದಿನವೂ ಡಬ್ಬಿ ತರುತ್ತಾಳೆ. ಮೊನ್ನೆ, ನಾನು ನಿದ್ರಿಸುತ್ತಿದ್ದೇನೆಂದು ತಿಳಿದು, ಸೆರಗೆಳೆದುಕೊಂಡು ನನ್ನ ಹಾಗೆ ಕೆಮ್ಮಿ, ನನ್ನ ಹಾಗೆ ಮಾತಾಡಿ ಗೆಳತಿಯರನ್ನು ನಗಿಸುತ್ತಿದ್ದಳು. ಆ ಆಟ ಅವಳಿಗೆ ಎಲ್ಲಿಂದ ಬಂತೆಂದು ಹೇಳುವ ಹಕ್ಕು ನನಗಿಲ್ಲ. ಹೇಳಿದರೆ ನೀರು ಕಡಿಮೆಯಾಗುವುದು ಅವಳಿಗೇ. ಕಣ್ಣು ಮುಚ್ಚಿಕೊಂಡೇ ಮಲಗಿದ್ದೆ. ಈ ಸಲ ಗದರಲಿಲ್ಲ.

ಈಗ ನನ್ನ ಕೋರಿಕೆ. ಕಟ್ಟೆಯ ಕಾನೂನು ಇಳಿಗಾಲವೆಂಬುದೇ ಇಲ್ಲದಿದ್ದ ಹಿಂದಿನ ಕಾಲದಿಂದ ಬಂದದ್ದನ್ನು ಮುಟ್ಟುವುದಿಲ್ಲ. ಅವನ್ನು ಕತೆಗಳೆನ್ನುತ್ತೇವೆ, ಕತೆಗೆ ಸಾಕ್ಷಿ ಕೇಳುವುದಿಲ್ಲ, ಯಾರು ಯಾವ ಮಗುವಿಗೆ ಬೇಕಾದರೂ ಹೇಳಬಹುದು. ನೀವಿರುವುದು ಇಳಿಗಾಲಕ್ಕಿಂತ ಬಹಳ ಹಿಂದೆ. ಆದ್ದರಿಂದ ನಿಮ್ಮ ಮಕ್ಕಳಿಗೆ ಹೇಳಿ: ಸೂಗಿ ಎಂಬ ಹುಡುಗಿಯಿದ್ದಳು, ತನ್ನ ತಾಯಿಯ ಹಾಗೆ ಮಾತಾಡಿ ಎಲ್ಲರನ್ನೂ ನಗಿಸುತ್ತಿದ್ದಳು. ಅವರು ತಮ್ಮ ಮಕ್ಕಳಿಗೆ ಹೇಳಲಿ. ಹಾಗೆ ಬಾಯಿಂದ ಬಾಯಿಗೆ ಇಳಿಯುತ್ತ ಬಂದರೆ ಎಂದಾದರೊಂದು ದಿನ ಈ ಸುರಂಗದಲ್ಲಿ ಯಾರಾದರೂ ಪಾರ್ವತಿಗೆ ಅದನ್ನು ಹೇಳಿಯಾರು. ತನ್ನ ಸೋದರತ್ತೆಯೆಂದು ಅವಳಿಗೆ ತಿಳಿಯದಿರಬಹುದು. ನಕ್ಕರೆ ಸಾಕು.

ದಯವಿಟ್ಟು ನನ್ನ ಮಾತುಗಳಲ್ಲಿ ಹೇಳಬೇಡಿ. ನಿಮ್ಮ ಮನೆಯಲ್ಲಿ ಹೇಗೆ ಮಾತಾಡುತ್ತೀರೋ ಹಾಗೆ ಹೇಳಿ. ಊರು ಬದಲಾಗಲಿ, ಹೆಸರು ಬೇಕಾದರೆ ಬದಲಾಗಲಿ, ಲಂಗದ ಬಣ್ಣ ನಿಮಗೆ ತೋಚಿದ್ದಾಗಲಿ. ಎಲ್ಲಿ ತಪ್ಪಿದರೂ ನಾನು ತಿದ್ದುವುದಿಲ್ಲ.

ಇಂತು,
ಸೂಗಿಯ ತಾಯಿ